ಯೆಸ್ ಬ್ಯಾಂಡಿನ ಆಲ್ಬಂಗಳು: ಪಟ್ಟಿಗಳೇಕೆ ತಾಳೆಯಾಗುವುದಿಲ್ಲ?

ಪ್ರಶ್ನೆ: ಬ್ರಿಟನ್ನಿನ ರಾಕ್ ಸಂಗೀತ ತಂಡವಾದ ಯೆಸ್ ಬ್ಯಾಂಡಿನ ಅಭಿಮಾನಿಗಳು ತಮ್ಮ ಮೆಚ್ಚಿನ ಆಲ್ಬಂಗಳಿಗೆ ಸ್ಥಾನ ಕೊಡಲು ಕುಳಿತರೆ ಒಬ್ಬರ ಪಟ್ಟಿ ಇನ್ನೊಬ್ಬರದಕ್ಕೆ ತಾಳೆಯಾಗುವುದಿಲ್ಲ. ಕಾರಣವೇನು? ಹೊಸ ಕೇಳುಗರು ಯಾವುದನ್ನು ನಂಬಬೇಕು?

ಉತ್ತರ: ಪಟ್ಟಿಯ ಮೊದಲ ಸ್ಥಾನದ ಬಗ್ಗೆ ಹೆಚ್ಚು ತಕರಾರಿಲ್ಲ. 1972ರ ‘ಕ್ಲೋಸ್ ಟು ದಿ ಎಡ್ಜ್’ ಸಾಮಾನ್ಯವಾಗಿ ಅಲ್ಲಿಯೇ ಇರುತ್ತದೆ, ಮತ್ತು ಆ ಸ್ಥಾನ ಅದಕ್ಕೆ ಸಲ್ಲತಕ್ಕದ್ದೆಂದೇ ನನ್ನ ದೃಢವಾದ ಅಭಿಪ್ರಾಯ. ಇಡೀ ಆಲ್ಬಂನಲ್ಲಿರುವುದು ಮೂರೇ ರಚನೆಗಳು. 18 ನಿಮಿಷಕ್ಕೂ ಮಿಕ್ಕಿದ ಶೀರ್ಷಿಕೆ ಗೀತೆಯೊಂದೇ ಎಲ್‌ಪಿಯ (ಎರಡು ಬದಿಯ ದೊಡ್ಡ ಗ್ರಾಮಫೋನ್ ತಟ್ಟೆಯ) ಒಂದು ಬದಿಯನ್ನು ಪೂರ್ತಿ ತುಂಬಿದೆ. ಹಕ್ಕಿಗಳ ಕಲರವವೂ ನೀರಿನ ಸದ್ದೂ ಮೆಲ್ಲನೆ ಹತ್ತಿರವಾಗುತ್ತಿರುವಾಗಲೇ ಸ್ಟೀವ್ ಹೌ ಅವರ ಗಿಟಾರ್ ಕಟ್ಟೆಯೊಡೆದಂತೆ ನುಗ್ಗುತ್ತದೆ. ಮುಂದೆ ಆ ಅಬ್ಬರವೆಲ್ಲ ತಣಿದು, ಜಾನ್ ಆಂಡರ್ಸನ್ ಅವರ ಏರುದನಿ ನಿಧಾನವಾಗಿ ಮೇಲೇರುತ್ತಿರುವ ಹೊತ್ತಿನಲ್ಲಿ ರಿಕ್ ವೇಕ್‌ಮನ್ ಅವರ ಪೈಪ್ ಆರ್ಗನ್ ಮೊಳಗುತ್ತದೆ. ಎಷ್ಟು ಸಲ ಕೇಳಿದರೂ ಆ ಘಳಿಗೆಯಲ್ಲಿ ನನಗೆ ಮೈ ನವಿರೇಳುತ್ತದೆ.

ಭಿನ್ನಾಭಿಪ್ರಾಯ ಶುರುವಾಗುವುದು ಅದರ ಕೆಳಗಿನ ಸ್ಥಾನಗಳಲ್ಲಿ. 1968ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಈ ಬ್ಯಾಂಡಿನ ಸದಸ್ಯರು ಪದೇ ಪದೇ ಬದಲಾಗಿದ್ದಾರೆ. 2015ರಲ್ಲಿ ತೀರಿಕೊಂಡ ಬೇಸ್ ಗಿಟಾರ್ ವಾದಕ ಕ್ರಿಸ್ ಸ್ಕ್ವೈರ್ ಒಬ್ಬರೇ ತಮ್ಮ ಜೀವಿತಾವಧಿಯಲ್ಲಿ ಬಂದ ಬ್ಯಾಂಡಿನ ಎಲ್ಲ ಸ್ಟುಡಿಯೋ ಆಲ್ಬಂಗಳಲ್ಲೂ ನುಡಿಸಿದವರು. ಹೀಗಾಗಿ ಸ್ಥಾನ ಕೊಡುವ ಪ್ರತಿಯೊಬ್ಬರೂ ತಮ್ಮ ಪಾಲಿನ ನಿಜವಾದ ಯೆಸ್ ಯಾವುದೆಂಬುದನ್ನು ಮೊದಲೇ ತೀರ್ಮಾನಿಸಿಕೊಂಡಿರುತ್ತಾರೆ. ‘ಕ್ಲೋಸ್ ಟು ದಿ ಎಡ್ಜ್’ ಮುಗಿಸಿ ಕಿಂಗ್ ಕ್ರಿಮ್ಸನ್ ಎಂಬ ಇನ್ನೊಂದು ಬ್ಯಾಂಡು ಸೇರಿದ ಬಿಲ್ ಬ್ರೂಫೋರ್ಡ್ ಅವರ ಚುರುಕಾದ ಡ್ರಮ್ಸ್ ಮೆಚ್ಚಿದವರು 1971ರ ‘ಫ್ರಾಜೈಲ್’ ಅನ್ನು ಮೇಲಕ್ಕೇರಿಸುತ್ತಾರೆ. ಗಿಟಾರ್ ವಾದಕ ಟ್ರೆವರ್ ರೇಬಿನ್ ಬಂದ ಮೇಲಿನ, 1983ರ ‘90125’ ಮೂಲಕ ಬ್ಯಾಂಡನ್ನು ಪರಿಚಯ ಮಾಡಿಕೊಂಡವರಿಗೆ ಅದೇ ಮನೆಬಾಗಿಲು. ಹಳಬರಲ್ಲಿ ಕೆಲವರಿಗೆ ಅದು ಬೇರೆಯೇ ಬ್ಯಾಂಡು.

ಅತಿ ಹೆಚ್ಚು ಏರಿಳಿಯುವುದು 1973ರ ‘ಟೇಲ್ಸ್ ಫ್ರಮ್ ಟೋಪೋಗ್ರಾಫಿಕ್ ಓಷನ್ಸ್’. ಪರಮಹಂಸ ಯೋಗಾನಂದರ ಆತ್ಮಕಥೆಯಲ್ಲಿ ಶಾಸ್ತ್ರಗಳ ಕುರಿತಾಗಿದ್ದ ಒಂದು ಅಡಿಟಿಪ್ಪಣಿಯನ್ನು ಓದಿದ ಆಂಡರ್ಸನ್, ಅದರಿಂದ ಎರಡು ಎಲ್‌ಪಿಗಳ ನಾಲ್ಕು ಬದಿಗಳಿಗೆ ನಾಲ್ಕು ದೀರ್ಘ ರಚನೆಗಳ ಯೋಜನೆಯನ್ನೇ ಕಟ್ಟಿದರು. ವೇಕ್‌ಮನ್ ಅವರಿಗೆ ಅದು ಒಗ್ಗಲಿಲ್ಲ. 1974ರಲ್ಲಿ ಬ್ಯಾಂಡು ಬಿಟ್ಟರು. ಈ ಆಲ್ಬಂ ಒಂದು ಪಟ್ಟಿಯಲ್ಲಿ ಎರಡನೆಯದಾಗಿ, ಇನ್ನೊಂದರಲ್ಲಿ ಕೊನೆಯದಾಗಿ ಕಂಡರೆ ಅಚ್ಚರಿಪಡಬೇಕಿಲ್ಲ. ಮೊದಲನೆಯ ಮತ್ತು ನಾಲ್ಕನೆಯ ಬದಿಗಳನ್ನು ನಾನು ಬ್ಯಾಂಡಿನ ಅತ್ಯುತ್ತಮ ಸಂಗೀತದ ಸಾಲಿನಲ್ಲಿಯೇ ಇಡುತ್ತೇನೆ. ನಡುವಿನವು ಅಲ್ಲಲ್ಲಿ ಎಳೆದಂತೆ ಕೇಳುತ್ತವೆ.

ಆದ್ದರಿಂದ ಹೊಸಬರು ಯಾರದೋ ಕ್ರಮಾಂಕಕ್ಕಿಂತ ಬಿಡುಗಡೆಯ ಕ್ರಮವನ್ನು ನಂಬುವುದು ಲೇಸು. 1971ರ ‘ದಿ ಯೆಸ್ ಆಲ್ಬಂ’ನಿಂದ ಆರಂಭಿಸಿ 1977ರ ‘ಗೋಯಿಂಗ್ ಫಾರ್ ದಿ ಒನ್’ವರೆಗಿನ ಆರು ಆಲ್ಬಂಗಳನ್ನು ಒಂದಾದ ಮೇಲೊಂದರಂತೆ ಕೇಳಿರಿ. ‘ಟೇಲ್ಸ್’ ಸರದಿ ಬಂದಾಗ ಮಾತ್ರ ಒಂದು ಸಲಕ್ಕೆ ಒಂದು ಬದಿ ಸಾಕು.