ಎರಡು ಪರ್ಸೆಂಟ್ ದುಡ್ಡು ಹೋದ ದಾರಿ

2020ರ ಮಾರ್ಚ್‌ನಲ್ಲಿ ಮೈಸೂರು ಮೃಗಾಲಯದ ಗೇಟು ಮುಚ್ಚಿತು. ಟಿಕೆಟ್ ಕೌಂಟರ್ ಬಂದ್ ಆದರೂ ಆನೆಗೆ ಹುಲ್ಲು, ಹುಲಿಗೆ ಮಾಂಸ ಹಾಕಲೇಬೇಕಲ್ವಾ? ಚಾಮರಾಜೇಂದ್ರ ಒಡೆಯರ್ 1892ರಲ್ಲಿ ಶುರು ಮಾಡಿದ ಈ ಝೂ ನಡೆಯುವುದು ಜಾಸ್ತಿ ಟಿಕೆಟ್ ದುಡ್ಡಿನಲ್ಲೇ. ಅದು ನಿಂತ ಮೇಲೆ ದಾನಿಗಳನ್ನು ಕೇಳದೆ ವಿಧಿ ಇರಲಿಲ್ಲ.

ಇಂಥ ಕೆಲಸಕ್ಕೆಂದೇ ಕಂಪನಿಗಳ ಹತ್ತಿರ ಒಂದು ಹುಂಡಿ ಇದೆ. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ 2014ರ ಏಪ್ರಿಲ್ 1ರಿಂದ ಜಾರಿಗೆ ಬಂತು. ದೊಡ್ಡ ಕಂಪನಿಗಳು ಹಿಂದಿನ 3 ವರ್ಷದ ಸರಾಸರಿ ಲಾಭದಲ್ಲಿ ಶೇ 2ರಷ್ಟನ್ನು ಸಮಾಜಕ್ಕೆ ಖರ್ಚು ಮಾಡಬೇಕು. ಸಿಎಸ್‌ಆರ್, ಅಂದರೆ ಕಂಪನಿಗಳ ಸಾಮಾಜಿಕ ಹೊಣೆ ಅನ್ನುವುದು ಇದನ್ನೇ. ಯಾವುದಕ್ಕೆ ಖರ್ಚು ಮಾಡಬಹುದು ಅನ್ನೋದು ಅದೇ ಕಾಯ್ದೆಯ ಏಳನೇ ಶೆಡ್ಯೂಲ್‌ ಎಂಬ ಪಟ್ಟಿಯಲ್ಲಿದೆ. ಮಣ್ಣು, ನೀರು, ಗಿಡಮರ, ಪ್ರಾಣಿ ಎಲ್ಲ ಅದರಲ್ಲಿ ಬರುತ್ತವೆ. ಮೈಸೂರಿನ ಹೆಬ್ಬಾಳ ಕೆರೆಗೆ ಮತ್ತೆ ಜೀವ ಬಂದದ್ದು ಇನ್ಫೋಸಿಸ್ ಫೌಂಡೇಶನ್ ದುಡ್ಡಿನಿಂದ.

ತೊಡಕು ಏನೆಂದರೆ, ಆರೋಗ್ಯವೂ ಅದೇ ಪಟ್ಟಿಯಲ್ಲಿದೆ. 2020ರ ಮಾರ್ಚ್ 23ರಂದು ಕೇಂದ್ರ ಸರ್ಕಾರ ಕೋವಿಡ್ ಖರ್ಚೂ ಸಿಎಸ್‌ಆರ್ ಲೆಕ್ಕಕ್ಕೆ ಸೇರುತ್ತದೆ ಎಂದಿತು. 5 ದಿನ ಕಳೆದು ಪಿಎಂ ಕೇರ್ಸ್ ನಿಧಿಗೆ ಕೊಟ್ಟದ್ದೂ ಸೇರಿತು. ಉಸಿರಿಗೇ ಕುತ್ತು ಬಂದಾಗ ಸಸಿ ನೆಡಲು ದುಡ್ಡು ಕೇಳೋದಾದರೂ ಹೇಗೆ? ಯಾರನ್ನೂ ದೂರುವ ಹಾಗಿಲ್ಲ. ಆದರೆ ಗಿಡ ನೆಟ್ಟ ಸಂಸ್ಥೆಗೆ ಮೂರು ಬೇಸಿಗೆ ನೀರು ಹಾಕುವ ಆಳಿನ ಕೂಲಿ ಬೇಕು. ಒಂದು ವರ್ಷ ಕಂತು ತಪ್ಪಿದರೂ ಗಿಡ ಒಣಗುತ್ತದೆ. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ವಿದೇಶಿ ದೇಣಿಗೆ ಕಾಯ್ದೆಯೂ ಬಿಗಿಯಾಯಿತು. ಹೊರಗಿನಿಂದ ಬಂದ ಹಣವನ್ನು ದೊಡ್ಡ ಸಂಸ್ಥೆ ಸಣ್ಣ ಸಂಸ್ಥೆಗೆ ದಾಟಿಸುವಂತಿಲ್ಲ. ಆಡಳಿತದ ಖರ್ಚಿನ ಮಿತಿ ಶೇ 50ರಿಂದ 20ಕ್ಕೆ ಇಳಿಯಿತು.

ಒಂದು ಒಳ್ಳೇದೂ ಆಯಿತು, ಅದನ್ನು ಗಮನಿಸಿದವರು ಕಮ್ಮಿ. 2021ರ ಜನವರಿಯ ಹೊಸ ನಿಯಮದಲ್ಲಿ, ಶುರುವಾದ ವರ್ಷ ಬಿಟ್ಟು ಇನ್ನೂ 3 ವರ್ಷದವರೆಗೆ ನಡೆಯುವ ಯೋಜನೆಗೆ ಉಳಿದ ಹಣವನ್ನು ಬೇರೆ ಖಾತೆಯಲ್ಲಿ ಎತ್ತಿಡಬೇಕು. ಕೆರೆ ಕೆಲಸ ಲೆಕ್ಕದ ವರ್ಷ ಮುಗಿಯುವ ಮಾರ್ಚ್ 31ಕ್ಕೆ ಮುಗಿಯುವಂಥದ್ದಲ್ಲ ನೋಡಿ.

ಝೂಗೆ ಆಸರೆಯಾದದ್ದು ಪ್ರಾಣಿ ದತ್ತು ಯೋಜನೆ. ಪ್ರಾಣಿ ಝೂನಲ್ಲೇ ಇರುತ್ತದೆ, ಅದರ ಖರ್ಚನ್ನು ದತ್ತು ಪಡೆದವರು ಕೊಡುತ್ತಾರೆ. 2021ರ ಜೂನ್‌ನಲ್ಲಿ ನಟ ದರ್ಶನ್ ವಿಡಿಯೋದಲ್ಲಿ ಕೇಳಿಕೊಂಡ ಮೇಲೆ ಸಾಮಾನ್ಯ ಜನರೂ ಮುಂದೆ ಬಂದರು. ಆನೆ ಸಾಕಲು ಆಗದವರು ಹಕ್ಕಿ ಸಾಕಿದರು.

ಮಂಡ್ಯ ಜಿಲ್ಲೆಯ ದಾಸನದೊಡ್ಡಿಯ ಕಾಮೇಗೌಡರು ಮಾತ್ರ ಈ ಯಾವ ಶೆಡ್ಯೂಲ್‌ಗೂ ಕಾದವರಲ್ಲ. ಕುರಿ ಮೇಯಿಸುತ್ತಲೇ ಗುಡ್ಡದಲ್ಲಿ ಕಟ್ಟೆ ತೋಡಿದರು. 2020ರ ಜೂನ್ 28ರ ‘ಮನ್ ಕಿ ಬಾತ್’ನಲ್ಲಿ ಪ್ರಧಾನಿ ಅವರ ಹೆಸರು ಹೇಳಿದರು. ಆಮೇಲೆ ಕೆಎಸ್‌ಆರ್‌ಟಿಸಿ ಅವರಿಗೆ ಜೀವನಪೂರ್ತಿ ಉಚಿತ ಬಸ್ ಪಾಸ್ ಕೊಟ್ಟಿತು.