ಕೇಸೇ ಇಲ್ಲದೆ ಒಂದು ವರ್ಷ ಜೈಲಿನಲ್ಲಿಡಬಹುದೇ?

ಪ್ರಶ್ನೆ: ರಾಷ್ಟ್ರೀಯ ಭದ್ರತಾ ಕಾಯ್ದೆಯಡಿ ಹಿಡಿದರೆ ಜಾಮೀನೂ ಇಲ್ಲ, ವಿಚಾರಣೆಯೂ ಇಲ್ಲ ಎನ್ನುತ್ತಾರೆ. ನಿಜವೇ? ಮನೆಯವರು ಏನು ಮಾಡಬೇಕು?

ನಿಜ. 1980ರ ಈ ಕಾಯ್ದೆ ಇರುವುದು ಮಾಡಿದ ತಪ್ಪಿಗೆ ಶಿಕ್ಷೆ ಕೊಡಲು ಅಲ್ಲ, ಮುಂದೆ ಮಾಡಿಯಾರೆಂಬ ಅನುಮಾನದ ಮೇಲೆ ತಡೆದಿಡಲು. ಹಾಗಾಗಿ ಜಾಮೀನು ಅರ್ಜಿಗೆ ಜಾಗವೇ ಇಲ್ಲ. 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕೆಂಬ ನಿಯಮದಿಂದಲೂ ಸಂವಿಧಾನದ 22ನೇ ವಿಧಿ ಇಂಥ ಬಂಧನಕ್ಕೆ ವಿನಾಯಿತಿ ಕೊಟ್ಟಿದೆ. ಗರಿಷ್ಠ ಅವಧಿ 12 ತಿಂಗಳು.

ಇಷ್ಟು ದೊಡ್ಡ ಅಧಿಕಾರಕ್ಕೆ ಕಡಿವಾಣ ಇರುವುದು ದಿನಗಳ ಲೆಕ್ಕದಲ್ಲಿ ಮತ್ತು ಕಾಗದಪತ್ರದಲ್ಲಿ. ಬಂಧನಕ್ಕೆ ಕಾರಣಗಳೇನೆಂದು ಸಾಮಾನ್ಯವಾಗಿ 5 ದಿನದೊಳಗೆ ತಿಳಿಸಬೇಕು. ಜಿಲ್ಲಾಧಿಕಾರಿ ಅಥವಾ ಪೊಲೀಸ್ ಕಮಿಷನರ್ ಹೊರಡಿಸಿದ ಆದೇಶಕ್ಕೆ ಸಾಮಾನ್ಯವಾಗಿ 12 ದಿನದೊಳಗೆ ರಾಜ್ಯ ಸರ್ಕಾರದ ಒಪ್ಪಿಗೆ ಸಿಗಬೇಕು. 3 ವಾರದೊಳಗೆ ಕಡತ, ಬಂಧನಕ್ಕೆ ಸಾಕಷ್ಟು ಕಾರಣವಿದೆಯೇ ಎಂದು ನೋಡುವ ಸಲಹಾ ಮಂಡಳಿಗೆ ಹೋಗಬೇಕು; ಬಂಧನವಾದ 7 ವಾರದೊಳಗೆ ಮಂಡಳಿ ವರದಿ ಕೊಡಬೇಕು. ಕಾರಣ ಸಾಲದು ಎಂದು ಮಂಡಳಿ ಹೇಳಿದರೆ ಬಿಡಲೇಬೇಕು. ಆದರೆ ಅಲ್ಲಿ ವಕೀಲರನ್ನು ಇಟ್ಟುಕೊಳ್ಳುವ ಹಕ್ಕಿಲ್ಲ. ಕಾಯ್ದೆಯ ಅತಿ ದೊಡ್ಡ ಅನ್ಯಾಯ ಇದೇ: ಬಂಧಿತರು ವಕೀಲರಿಲ್ಲದೆಯೇ ತಮ್ಮ ವಾದ ಮಂಡಿಸಬೇಕು.

ಮನೆಯವರು ಮೊದಲು ಆದೇಶ, ಕಾರಣಗಳು, ಲಗತ್ತುಗಳ ಪ್ರತಿ ಪಡೆಯಬೇಕು. ಪ್ರತಿ ಪುಟ ಓದಲು ಬರುವಂತಿದೆಯೇ? ಬಂಧಿತರಿಗೆ ಗೊತ್ತಿರುವ ಭಾಷೆಯಲ್ಲಿದೆಯೇ? ಕನ್ನಡ ಮಾತ್ರ ಬಲ್ಲವರ ಕೈಗೆ ಇಂಗ್ಲಿಷ್ ಕಾಗದ ಕೊಟ್ಟು ಬಾಯಿಮಾತಿನಲ್ಲಿ ವಿವರಿಸಿದರೆ ಸಾಲದು. ಹಿಂದಿ ಮಾತ್ರ ಬಲ್ಲ ಒಬ್ಬರ ಬಂಧನವನ್ನು ಸುಪ್ರೀಂ ಕೋರ್ಟ್ 1962ರಲ್ಲೇ ಈ ಕಾರಣಕ್ಕೆ ರದ್ದು ಮಾಡಿದೆ.

ಕಾಗದ ಕೈಸೇರಿದ ತಕ್ಷಣ ಬಿಡುಗಡೆ ಕೋರಿ ಮನವಿ ಬರೆಯಿರಿ. ಆದೇಶ ಮಾಡಿದ ಅಧಿಕಾರಿ, ರಾಜ್ಯ ಸರ್ಕಾರ, ಕೇಂದ್ರ ಸರ್ಕಾರ, ಸಲಹಾ ಮಂಡಳಿ, ಎಲ್ಲರಿಗೂ ಬೇರೆ ಬೇರೆ ಪ್ರತಿ. ಜೈಲು ಅಧೀಕ್ಷಕರ ಮೂಲಕ ಕಳಿಸಿ, ದಿನಾಂಕ ಸಹಿತ ಸ್ವೀಕೃತಿ ಪಡೆಯಿರಿ. ಮನವಿ ಮೇಜಿನ ಮೇಲೆ ಸುಮ್ಮನೆ ಕೊಳೆತಿದ್ದರೆ, ಆ ವಿಳಂಬಕ್ಕೆ ಸರ್ಕಾರ ಹೈಕೋರ್ಟಿನಲ್ಲಿ ಸಮಜಾಯಿಷಿ ಕೊಡಬೇಕಾಗುತ್ತದೆ. ಕೊಡಲಾಗದೆ ಬಿದ್ದುಹೋದ ಆದೇಶಗಳು ಬಹಳ.

ಹೈಕೋರ್ಟಿಗೆ ಹೋಗುವುದು ಹೇಬಿಯಸ್ ಕಾರ್ಪಸ್ ಅರ್ಜಿಯ ಮೂಲಕ, ಅಂದರೆ ಬಂಧನ ಕಾನೂನುಬದ್ಧವೇ ಎಂದು ಪರಿಶೀಲಿಸಲು ಕೋರುವ ಅರ್ಜಿ. ತುರ್ತು ಪರಿಸ್ಥಿತಿಯಲ್ಲಿ, 1976ರಲ್ಲಿ, ಸುಪ್ರೀಂ ಕೋರ್ಟ್ ಈ ಬಾಗಿಲನ್ನೇ ಮುಚ್ಚಿತ್ತು. ಆ ತೀರ್ಪನ್ನು 2017ರಲ್ಲಿ ತಳ್ಳಿಹಾಕಿದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಹೂಡಿದ ಪ್ರಕರಣದಲ್ಲಿ. ಬಂಧನದ ಆದೇಶ ಹಳೆಯ ಕೇಸುಗಳನ್ನು ಕೆದಕಿದ್ದರೆ ಅದನ್ನೂ, ಇಬ್ಬರ ನಡುವಿನ ಜಗಳವನ್ನು ಸಾರ್ವಜನಿಕ ಶಾಂತಿಭಂಗವೆಂದು ಬಣ್ಣಿಸಿದ್ದರೆ ಅದನ್ನೂ ಅರ್ಜಿಯಲ್ಲಿ ಎತ್ತಿ ತೋರಿಸಬೇಕು. ಒಂದೇ ಕಾರಣವನ್ನು ಹೊಡೆದುಹಾಕಿ ಸುಮ್ಮನಾಗಬೇಡಿ: 5ಎ ಕಲಮಿನ ಪ್ರಕಾರ ಉಳಿದ ಕಾರಣಗಳಲ್ಲಿ ಒಂದು ನಿಂತರೂ ಬಂಧನ ಉಳಿಯುತ್ತದೆ.