ಇನ್ನೂ ತಯಾರಾಗದ ಔಷಧ ನೀರಲ್ಲಿ ಕರಗುತ್ತದೋ ಇಲ್ಲವೋ, ಕಂಪ್ಯೂಟರ್‌ಗೆ ಹೇಗೆ ಗೊತ್ತು?

ಪ್ರಶ್ನೆ: ಹುಬ್ಬಳ್ಳಿಯಲ್ಲಿ ಬಿ.ಫಾರ್ಮ್ ಓದುತ್ತಿದ್ದೇನೆ. ಹೊಸ ಔಷಧದ ಅಣುವನ್ನು ತಯಾರಿಸುವ ಮೊದಲೇ ಅದು ನೀರಿನಲ್ಲಿ ಎಷ್ಟು ಕರಗುತ್ತದೆ ಎಂದು ಮಷಿನ್ ಲರ್ನಿಂಗ್ ಹೇಳುತ್ತದಂತೆ. ಹೇಗೆ? ನಂಬಬಹುದಾ?

ಉತ್ತರ: ಒಮ್ಮೆ ಬ್ಯಾಡಗಿ ಪೇಟೆಗೆ ಹೋಗಿ ನೋಡಿ. ಅನುಭವಸ್ಥ ವ್ಯಾಪಾರಿ ಚೀಲಕ್ಕೆ ಕೈ ಹಾಕಿ ಒಂದು ಹಿಡಿ ಮೆಣಸಿನಕಾಯಿ ತೆಗೆಯುತ್ತಾರೆ. ಬಣ್ಣ, ಸುಕ್ಕು, ಒಣಗಿದ ಹದ ನೋಡಿ ರೇಟು ಅಂದಾಜು ಮಾಡಿಬಿಡುತ್ತಾರೆ. ಸಾವಿರಾರು ಚೀಲ ನೋಡಿ ಪಳಗಿದ ಕಣ್ಣು ಅದು. ಕಂಪ್ಯೂಟರ್ ಮಾಡುವುದೂ ಹೆಚ್ಚುಕಡಿಮೆ ಇದನ್ನೇ. ಯಾರೋ ಲ್ಯಾಬಿನಲ್ಲಿ ಕೂತು, ಕರಗಿಸಿ, ಅಳೆದಿಟ್ಟ ಅಣುಗಳ ಲೆಕ್ಕವನ್ನು ಅದಕ್ಕೆ ಕೊಡುತ್ತಾರೆ. ಎಂಥ ರಚನೆ ಇದ್ದರೆ ಎಷ್ಟು ಕರಗುತ್ತದೆ ಎಂಬುದನ್ನು ಅದರಿಂದ ಕಲಿಯುತ್ತದೆ.

2004ರಲ್ಲಿ ಜಾನ್ ಡಿಲೇನಿ ಎಂಬ ವಿಜ್ಞಾನಿ ಕರಗುವಿಕೆ ಅಂದಾಜಿಸಲು ಕೊಟ್ಟ ಸೂತ್ರಕ್ಕೆ ನಾಲ್ಕೇ ಅಂಶ ಸಾಕಿತ್ತು. ಅಣುತೂಕ, ನೀರಿಗಿಂತ ಎಣ್ಣೆಯ ಕಡೆಗಿರುವ ಒಲವು, ತಿರುಗಬಲ್ಲ ಬಂಧಗಳ ಸಂಖ್ಯೆ, ಆರೋಮ್ಯಾಟಿಕ್ (ಬೆಂಜೀನಿನಂಥ ಉಂಗುರದ) ಭಾಗದ ಪಾಲು. ಈಗಿನ ಗ್ರಾಫ್ ನ್ಯೂರಲ್ ನೆಟ್‌ವರ್ಕ್ ಎಂಬ ಬಗೆಯ ಮಷಿನ್ ಲರ್ನಿಂಗ್‌ಗೆ ಹೀಗೆ ಆರಿಸಿ ಕೊಡಬೇಕಿಲ್ಲ. ಪರಮಾಣು, ಬಂಧಗಳ ಜಾಲವನ್ನೇ ಕೊಟ್ಟರೆ ಬೇಕಾದ್ದನ್ನು ತಾನೇ ಹೆಕ್ಕಿಕೊಳ್ಳುತ್ತದೆ.

ಎಣ್ಣೆಯ ಒಲವು ಎಷ್ಟು ವ್ಯತ್ಯಾಸ ಮಾಡುತ್ತದೆ ನೋಡಿ. ಒಂದು ಲೀಟರ್ ನೀರಿನಲ್ಲಿ ಪ್ಯಾರಸಿಟಮಾಲ್ ಸುಮಾರು 14 ಗ್ರಾಂ ಕರಗುತ್ತದೆ. ಎಣ್ಣೆಯ ಕಡೆಗೆ ಹೆಚ್ಚು ವಾಲುವ ಐಬುಪ್ರೊಫೆನ್ ಸುಮಾರು 20 ಮಿಲಿಗ್ರಾಂ ಮಾತ್ರ. ಎರಡೂ ಮನೆಯಲ್ಲಿ ಇಟ್ಟುಕೊಳ್ಳುವ ನೋವಿನ ಗುಳಿಗೆಗಳೇ!

ಇನ್ನು ನಂಬಿಕೆಯ ಮಾತು. ಬ್ಯಾಡಗಿಯ ಡಬ್ಬಿ, ಕಡ್ಡಿ ಬಗೆಯ ಮೆಣಸಿನಕಾಯಿಗಳನ್ನೇ ನೋಡಿ ಪಳಗಿದ ಕಣ್ಣಿಗೆ ಎಲ್ಲಿಯದೋ ಹೊಸ ತಳಿ ತೋರಿಸಿದರೆ ಅಂದಾಜು ತಪ್ಪುತ್ತದೆ, ಅಲ್ವಾ? ಕಲಿತ ಅಣುಗಳನ್ನು ಹೋಲದ ಅಣು ಬಂದಾಗ ಕಂಪ್ಯೂಟರಿನದೂ ಅದೇ ಪಾಡು. ವ್ಯಾಪಾರಿಯಾದರೆ ತಡವರಿಸುತ್ತಾರೆ, ಇನ್ನೊಬ್ಬರನ್ನು ಕೇಳುತ್ತಾರೆ. ಆದರೆ ಹೀಗೆ ಕಲಿತ ಎಷ್ಟೋ ಕಂಪ್ಯೂಟರ್ ಮಾದರಿಗಳು (ಮಾಡೆಲ್) ತಪ್ಪು ಉತ್ತರವನ್ನೂ ಅಳುಕದೆ ಕೊಟ್ಟುಬಿಡುತ್ತವೆ.

ನನಗೆ ಇದಕ್ಕಿಂತ ದೊಡ್ಡದು ಅನ್ನಿಸುವ ತೊಡಕು ಇನ್ನೊಂದಿದೆ. ಔಷಧದ ಪುಡಿಯಲ್ಲಿ ಅಣುಗಳು ಒಂದಕ್ಕೊಂದು ಜೋಡಿಕೊಂಡು ಹರಳಾಗಿರುತ್ತವೆ, ಆ ಜೋಡಣೆಯ ಮೇಲೂ ಕರಗುವುದು ನಿಂತಿದೆ. ಒಂದು ಅಣುವಿನ ಚಿತ್ರದಲ್ಲಿ ಆ ಹರಳು ಕಾಣುವುದಿಲ್ಲ. ಎಚ್‌ಐವಿಗೆ ಕೊಡುವ ರಿಟೊನಾವಿರ್ 1996ರಲ್ಲಿ ಮಾರುಕಟ್ಟೆಗೆ ಬಂತು. 1998ರಲ್ಲಿ ಅದೇ ಅಣು ಬೇರೊಂದು ಬಗೆಯಲ್ಲಿ ಹರಳುಗಟ್ಟತೊಡಗಿತು. ಆ ಹರಳು ಕರಗುವುದು ಬಹಳ ಕಡಿಮೆ. ಜೀವ ಉಳಿಸುವ ಔಷಧದ ಕ್ಯಾಪ್ಸೂಲುಗಳನ್ನೇ ವಾಪಸ್ ಪಡೆಯಬೇಕಾಯಿತು. ಕಾಗದದ ಮೇಲಿನ ರಚನೆಯಲ್ಲಿ ಒಂದು ಗೆರೆಯೂ ಬದಲಾಗಿರಲಿಲ್ಲ. ಬರೀ ರಚನೆ ನೋಡುವ ಮಾದರಿ ಎರಡೂ ಹರಳಿಗೆ ಒಂದೇ ಉತ್ತರ ಕೊಡುತ್ತದೆ.

ಹಾಗಾಗಿ ನೂರಾರು ಅಣುಗಳಲ್ಲಿ ಮೊದಲು ಯಾವುದನ್ನು ತಯಾರಿಸಿ ನೋಡೋಣ ಎಂದು ಆರಿಸಲು ಇದನ್ನು ಧಾರಾಳವಾಗಿ ಬಳಸಿ. ಗುಳಿಗೆಗೆ ಹಾಕುವ ಪುಡಿಯನ್ನು ಮಾತ್ರ ಕರಗಿಸಿ, ಅಳೆದೇ ನೋಡಬೇಕು.

ಪ್ರಾಜೆಕ್ಟ್ ಮಾಡುವುದಾದರೆ ಡೇಟಾವನ್ನು ಕಲಿಸಲು ಒಂದು, ಪರೀಕ್ಷಿಸಲು ಒಂದು ಎಂದು ಸುಮ್ನೆ ಚೀಟಿ ಎತ್ತಿದ ಹಾಗೆ ಎರಡು ಪಾಲು ಮಾಡಬೇಡಿ. ಅಣ್ಣತಮ್ಮಂದಿರಂಥ ಅಣುಗಳು ಕಲಿಕೆಯ ಕಡೆಯೂ ಪರೀಕ್ಷೆಯ ಕಡೆಯೂ ಸೇರಿಕೊಂಡು, ಫಲಿತಾಂಶ ಇರುವುದಕ್ಕಿಂತ ಚೆನ್ನಾಗಿ ಕಾಣುತ್ತದೆ. ಒಂದೇ ಬಗೆಯ ಚೌಕಟ್ಟಿನ ಅಣುಗಳನ್ನೆಲ್ಲ ಒಟ್ಟಿಗೆ ಪರೀಕ್ಷೆಯ ಪಾಲಿಗೆ ಇಟ್ಟು, ಮತ್ತೆ ಓಡಿಸಿ ನೋಡಿ.